ಯಾರಿಗಾಗಿ ತೊಳೆದ ಕೈ?



ಬಲಿಪೂಜೆಯಲ್ಲಿ ಕಾಣಿಕೆಗಳನ್ನು ಅರ್ಪಿಸಿದ ನಂತರ ಗುರುವು ಪೀಠದ ಬದಿಗೆ ಸರಿದು ಕೈ ತೊಳೆದುಕೊಳ್ಳುವುದನ್ನು ನೀವು ಪ್ರತಿ ಭಾನುವಾರ ನೋಡಿರುತ್ತೀರಿ. ಪೀಠಬಾಲಕನು ಪುಟ್ಟ ಪಾತ್ರೆಯಿಂದ ನಾಲ್ಕು ಹನಿ ನೀರು ಹನಿಸುತ್ತಾನೆ. ಬೆರಳ ತುದಿಗಳು ಒದ್ದೆಯಾಗುತ್ತವೆ. ಬಿಳಿಯ ವಸ್ತ್ರದಲ್ಲಿ ಒರೆಸಿಕೊಳ್ಳುತ್ತೇವೆ. ಆ ಹೊತ್ತಿನಲ್ಲಿ ಗುರುವು ತನ್ನ ದೋಷಗಳನ್ನು ತೊಳೆಯುವಂತೆ ದೇವರನ್ನು ಮೆಲುದನಿಯಲ್ಲಿ ಬೇಡಿಕೊಳ್ಳುತ್ತಾನೆ. ಇಪ್ಪತ್ತೈದು ವರ್ಷಗಳಿಗೂ ಮಿಕ್ಕಿ ನಾನು ಹೀಗೆ ದಿನವೂ ಕೈ ತೊಳೆದಿದ್ದೇನೆ. ಆದರೂ ಕೈ ತೊಳೆಯುವುದರ ಹಿಂದೆ ಇಷ್ಟು ದೊಡ್ಡದೊಂದು ನೈತಿಕ ಪ್ರಶ್ನೆ ಅಡಗಿದೆ ಎಂಬುದನ್ನು ನಾನು ಕಲಿತದ್ದು ಪೀಠದ ಬಳಿ ನಿಂತಲ್ಲ. ಒಂದು ಬಡಮನೆಯ ಅಡಿಗೆಮನೆಯ ಹೊಸ್ತಿಲಲ್ಲಿ.

ಆ ಮನೆಯ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ, ಮಗುವಿನ ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಕಾಫಿ ತೋಟದ ಅಂಚಿನಲ್ಲಿರುವ ಎರಡು ಕೋಣೆಯ ಮನೆ. ತಂದೆ ತೋಟದಲ್ಲಿ ಕೆಲಸಕ್ಕೆ ಹೋಗುತ್ತಾನೆ. ತಾಯಿ, ಅಜ್ಜಿ, ಒಂಬತ್ತು ವರ್ಷದ ಒಬ್ಬ ಮಗಳು, ನಾಲ್ಕು ವರ್ಷದ ಒಬ್ಬ ಮಗ. ಮಗನಿಗೆ ಹುಟ್ಟುವ ಹೊತ್ತಿನಲ್ಲಿ ಉಸಿರುಕಟ್ಟಿ ಮಿದುಳಿಗೆ ಪೆಟ್ಟಾಗಿತ್ತು. ಅವನಿಗೆ ಸರಿಯಾಗಿ ನುಂಗಲು ಬರುವುದಿಲ್ಲ. ಬಾಯಿಗೆ ಹಾಕಿದ ಗಂಜಿ ಅನ್ನನಾಳಕ್ಕೆ ಇಳಿಯುವ ಬದಲು ಶ್ವಾಸನಾಳಕ್ಕೆ ಇಳಿದು ಎರಡು ಬಾರಿ ನ್ಯುಮೋನಿಯಾ ಆಗಿತ್ತು. ಮೊದಲು ವೈದ್ಯರು ಮೂಗಿನ ಮೂಲಕ ಜಠರಕ್ಕೆ ಒಂದು ತೆಳ್ಳನೆಯ ನಳಿಕೆ ಇಳಿಸಿದರು. ಕೆಲವು ತಿಂಗಳ ನಂತರ ಹೊಟ್ಟೆಯ ಮೇಲೆ ಸಣ್ಣದೊಂದು ರಂಧ್ರ ಮಾಡಿ ಅಲ್ಲಿಂದಲೇ ನೇರವಾಗಿ ಜಠರಕ್ಕೆ ನಳಿಕೆ ಜೋಡಿಸಿದರು. ಅಂದಿನಿಂದ ಅವನ ಊಟವೆಲ್ಲ ಆ ನಳಿಕೆಯ ಮೂಲಕವೇ. ದಿನಕ್ಕೆ ಆರು ಸಲ, ಸಿರಿಂಜಿನಲ್ಲಿ ಅಳೆದು, ನಿಧಾನವಾಗಿ.

ಇಂಥ ಮಕ್ಕಳು ಹಿಂದಿನ ಕಾಲದಲ್ಲಿ ಬಹಳ ದಿನ ಬದುಕುತ್ತಿರಲಿಲ್ಲ. ಬದುಕಿದರೂ ಹಸಿವಿನಲ್ಲಿ ಸೊರಗುತ್ತಿದ್ದರು. 1979ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಗೌಡರರ್ ಮತ್ತು ಅಂತರ್ದರ್ಶಕ ತಜ್ಞ ಜೆಫ್ರಿ ಪಾನ್ಸ್ಕಿ ಅವರು ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆಯೇ ಜಠರಕ್ಕೆ ನಳಿಕೆ ಜೋಡಿಸುವ ವಿಧಾನವನ್ನು ಮೊದಲ ಬಾರಿಗೆ ನೆರವೇರಿಸಿದರು. ಅವರ ಮೊದಲ ರೋಗಿಯೂ ಒಂದು ಹಸುಗೂಸೇ. ಆ ಉಪಾಯ ಇಂದು ದೂರದ ಮಲೆನಾಡಿನ ಮನೆಯನ್ನೂ ತಲುಪಿದೆ. ಆದರೆ ಅದರೊಂದಿಗೆ ಆಸ್ಪತ್ರೆಯ ದಾದಿಯ ಕೆಲಸವೂ ಮನೆಗೆ ಬಂದು, ಒಬ್ಬ ತಾಯಿಯ ಎರಡು ಕೈಗಳ ಮೇಲೆ ಕುಳಿತುಬಿಟ್ಟಿದೆ. ಇದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ.

ಒಂದು ಸಂಜೆ ನಾನು ಆ ಮನೆಗೆ ಭೇಟಿ ಕೊಟ್ಟೆ. ದಾರಿಯಲ್ಲಿ ಬೈಕಿನ ಸರಪಳಿ ಕಳಚಿದ್ದರಿಂದ ಅದನ್ನು ಕೈಯಾರೆ ಏರಿಸಿ, ಕರವಸ್ತ್ರಕ್ಕೆ ಕೈ ಒರೆಸಿಕೊಂಡು ಬಂದಿದ್ದೆ. ನಾನು ಒಳಗೆ ಹೋದಾಗ ಮಗುವಿಗೆ ಊಟದ ಹೊತ್ತು. ತಾಯಿ ಸಿರಿಂಜಿಗೆ ಗಂಜಿ ತುಂಬಿಕೊಂಡಿದ್ದಳು. ನಳಿಕೆಯ ಮುಚ್ಚಳ ತೆರೆದಿತ್ತು. ಮಗು ಏಕೋ ಬೆಚ್ಚಿ ಕೈಕಾಲು ಸೆಟೆಸಿತು. ನಳಿಕೆಯ ತುದಿ ಅವಳ ಹಿಡಿತದಿಂದ ಜಾರಿತು. ನಾನು ಸಹಾಯ ಮಾಡುವ ಆತುರದಲ್ಲಿ ಮುಂದೆ ಬಾಗಿ ಆ ತೆರೆದ ತುದಿಯನ್ನೇ ಹಿಡಿದೆ. ಅವಳ ಮುಖದಲ್ಲಿ ಏನೋ ಹಾದುಹೋದದ್ದನ್ನು ಕಂಡೆ. ಏನೆಂದು ಆಗ ಅರ್ಥವಾಗಲಿಲ್ಲ. “ಥ್ಯಾಂಕ್ಸ್ ಫಾದರ್” ಎಂದಷ್ಟೇ ಹೇಳಿ ಅವಳು ನನ್ನ ಕೈಯಿಂದ ನಳಿಕೆಯನ್ನು ತೆಗೆದುಕೊಂಡಳು. ನಾನು ಮಗುವಿನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿ, ಕಾಫಿ ಕುಡಿದು ಮರಳಿದೆ.

ಮೂರು ದಿನಗಳ ನಂತರ ಮಗುವಿಗೆ ವಾಂತಿ, ಭೇದಿ, ಜ್ವರ ಶುರುವಾಯಿತು. ಐದು ದಿನ ಆಸ್ಪತ್ರೆಯಲ್ಲಿ ಇಡಬೇಕಾಯಿತು. ಯಾವುದರಿಂದ ಸೋಂಕು ತಗುಲಿತು ಎಂದು ಖಚಿತವಾಗಿ ಹೇಳಲಾಗದು ಎಂದು ವೈದ್ಯರು ಹೇಳಿದರಂತೆ. ನಾನು ನೋಡಲು ಹೋದಾಗ ತಾಯಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಳು. ನನ್ನನ್ನು ಕಂಡೊಡನೆ ಎದ್ದುನಿಂತು ಅತ್ತಳು. “ನನ್ನ ಕೈಯಿಂದಲೇ ಆಯ್ತೇನೋ ಫಾದರ್. ಅವತ್ತು ಬೆಳಿಗ್ಗೆ ಮಾಡಿದ ಗಂಜಿ ಮಿಕ್ಕಿತ್ತು. ಅನ್ನ ಚೆಲ್ಲಬಾರದು ಅಂತ ಅತ್ತೆ ಅಂದ್ರು. ಮಧ್ಯಾಹ್ನ ಅದನ್ನೇ ಬಿಸಿ ಮಾಡಿ ಕೊಟ್ಟುಬಿಟ್ಟೆ” ಎಂದಳು. ನನಗೆ ನನ್ನ ಕೈ ನೆನಪಾಯಿತು. ಉಗುರಿನ ಸಂದಿಯಲ್ಲಿ ಉಳಿದಿದ್ದ ಸರಪಳಿಯ ಕಪ್ಪು ನೆನಪಾಯಿತು. ನಾನು ಅದನ್ನು ಹೇಳಲಿಲ್ಲ. ದೇವರು ದೊಡ್ಡವನು, ಧೈರ್ಯವಾಗಿರಮ್ಮಾ ಎಂದು ಸಮಾಧಾನ ಹೇಳಿ ಬಂದೆ. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಾನು ಹೇಳಬೇಕಿದ್ದ ಮಾತು ಅದಾಗಿರಲಿಲ್ಲ.

ಅಂದಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ. ಕಣ್ಣಿಗೆ ಕಾಣದ ಒಂದು ಜೀವಿಯಿಂದ, ಯಾರೂ ಬಯಸದೆ, ಪ್ರೀತಿಯಿಂದಲೇ ಮಾಡಿದ ಕೆಲಸದಲ್ಲಿ ಒಂದು ಮಗುವಿಗೆ ಕೇಡಾದರೆ ಅದರ ಹೊಣೆ ಯಾರದು? ಅದನ್ನು ಪಾಪವೆನ್ನಬಹುದೇ? ಆ ಹೊಣೆಯನ್ನು ಹೊರುವುದು ಹೇಗೆ?

ಸೆಮಿನರಿಯಲ್ಲಿ ನೀತಿಶಾಸ್ತ್ರದ ಪಾಠದಲ್ಲಿ ನಮಗೆ ಎರಡು ಬಗೆಯ ಅಜ್ಞಾನದ ಬಗ್ಗೆ ಹೇಳಿಕೊಡುತ್ತಿದ್ದರು. ಎಷ್ಟು ಪ್ರಯತ್ನಿಸಿದರೂ ನೀಗಿಸಿಕೊಳ್ಳಲಾಗದ ಅಜ್ಞಾನ ಒಂದು. ಸ್ವಲ್ಪ ಕಾಳಜಿ ವಹಿಸಿದ್ದರೆ ನೀಗಿಸಿಕೊಳ್ಳಬಹುದಾಗಿದ್ದ ಅಜ್ಞಾನ ಇನ್ನೊಂದು. ಮೊದಲನೆಯದಕ್ಕೆ ಮನುಷ್ಯ ಹೊಣೆಗಾರನಲ್ಲ. ಎರಡನೆಯದಕ್ಕೆ ಅವನು ಉತ್ತರ ಹೇಳಲೇಬೇಕು. ಪರೀಕ್ಷೆಯಲ್ಲಿ ಇದನ್ನು ಬರೆದು ನಾನು ಒಳ್ಳೆಯ ಅಂಕ ಪಡೆದಿದ್ದೆ. ಆ ಬೆಂಚಿನ ಬಳಿ ನಿಂತಾಗ ಮಾತ್ರ ಅದರ ತೂಕ ತಿಳಿಯಿತು. ತಾಯಿ ತನ್ನ ದೋಷವನ್ನು ತಾನೇ ಹುಡುಕಿ ಹೇಳಿಕೊಂಡಳು. ನನ್ನದು ಎರಡನೆಯ ಬಗೆಯ ಅಜ್ಞಾನವೆಂದು ಗೊತ್ತಿದ್ದೂ ನಾನು ಸುಮ್ಮನಿದ್ದೆ.

ಇಲ್ಲಿ ಒಬ್ಬ ವೈದ್ಯರ ಕಥೆಯನ್ನು ಹೇಳಬೇಕು. ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ವೈದ್ಯರು 1846ರಲ್ಲಿ ವಿಯೆನ್ನಾ ನಗರದ ಸಾರ್ವಜನಿಕ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸೇರಿದರು. ಅಲ್ಲಿ ಎರಡು ವಾರ್ಡುಗಳಿದ್ದವು. ಒಂದನ್ನು ವೈದ್ಯರೂ ವೈದ್ಯವಿದ್ಯಾರ್ಥಿಗಳೂ, ಇನ್ನೊಂದನ್ನು ಸೂಲಗಿತ್ತಿಯರೂ ನೋಡಿಕೊಳ್ಳುತ್ತಿದ್ದರು. ವೈದ್ಯರ ವಾರ್ಡಿನಲ್ಲಿಯೇ ಬಾಣಂತಿಯರು ಹೆಚ್ಚಾಗಿ ಸಾಯುತ್ತಿದ್ದರು. ಆ ವಾರ್ಡಿಗೆ ಸೇರಿಸಬೇಡಿರೆಂದು ಬಡ ಹೆಂಗಸರು ಮೊಣಕಾಲೂರಿ ಬೇಡಿಕೊಳ್ಳುತ್ತಿದ್ದರಂತೆ. 1847ರಲ್ಲಿ ಸೆಮ್ಮೆಲ್‌ವೈಸರ ಸ್ನೇಹಿತರೊಬ್ಬರು ಶವಪರೀಕ್ಷೆಯ ಸಮಯದಲ್ಲಿ ಕತ್ತಿಯ ಗಾಯವಾಗಿ ತೀರಿಕೊಂಡರು. ಅವರ ರೋಗಲಕ್ಷಣಗಳೂ ಬಾಣಂತಿಯರ ಲಕ್ಷಣಗಳೂ ಒಂದೇ ಆಗಿದ್ದವು. ಶವಗಳನ್ನು ಮುಟ್ಟಿದ ಕೈಗಳೇ ಹೆರಿಗೆ ಕೋಣೆಗೆ ಸಾವನ್ನು ಹೊತ್ತು ತರುತ್ತಿವೆ ಎಂದು ಸೆಮ್ಮೆಲ್‌ವೈಸರಿಗೆ ಹೊಳೆಯಿತು. ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಯಾರೂ ಒಳಗೆ ಬರಕೂಡದೆಂದು ಅವರು ಮೇ ತಿಂಗಳಿನಲ್ಲಿ ನಿಯಮ ಮಾಡಿದರು. ಏಪ್ರಿಲ್‌ನಲ್ಲಿ ಶೇಕಡ 18ರಷ್ಟಿದ್ದ ಸಾವಿನ ಪ್ರಮಾಣ ಜೂನ್‌ನಲ್ಲಿ ಶೇಕಡ 2ರ ಆಸುಪಾಸಿಗೆ ಇಳಿಯಿತು.

ಆದರೂ ಬಹಳಷ್ಟು ವೈದ್ಯರು ಅವರನ್ನು ನಂಬಲಿಲ್ಲ. ರೋಗಾಣುಗಳ ಬಗ್ಗೆ ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ ಎಂಬುದು ಅದಕ್ಕೆ ಒಂದು ಕಾರಣ. ಗೌರವಾನ್ವಿತರಾದ ತಮ್ಮ ಕೈಗಳು ಕೊಲ್ಲುತ್ತಿವೆ ಎಂಬ ಮಾತನ್ನು ಸಹಿಸಲಾಗದ್ದು ಇನ್ನೊಂದು. ಸೆಮ್ಮೆಲ್‌ವೈಸರು ಆ ಸತ್ಯವನ್ನು ಮೊದಲು ತಮಗೇ ಅನ್ವಯಿಸಿಕೊಂಡಿದ್ದರು. ತಮ್ಮಿಂದಾಗಿ ಎಷ್ಟು ಹೆಂಗಸರು ಅಕಾಲದಲ್ಲಿ ಸಮಾಧಿ ಸೇರಿದರೋ ದೇವರೊಬ್ಬನಿಗೇ ಗೊತ್ತು ಎಂಬ ಅರ್ಥದ ಮಾತನ್ನು ಅವರು 1861ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಬರೆದಿಟ್ಟಿದ್ದಾರೆ. 1865ರಲ್ಲಿ ಅವರು ಮಾನಸಿಕ ಚಿಕಿತ್ಸಾಲಯವೊಂದರಲ್ಲಿ, ಸೋಂಕು ತಗುಲಿದ ಗಾಯದಿಂದಲೇ ತೀರಿಕೊಂಡರು. ಅವರು ತಮ್ಮ ಅಪರಾಧಪ್ರಜ್ಞೆಯನ್ನು ಮುಚ್ಚಿಡಲಿಲ್ಲ, ಅದರಲ್ಲಿಯೇ ಮುಳುಗಿ ಕೈಕಟ್ಟಿ ಕೂರಲೂ ಇಲ್ಲ. ವಾರ್ಡಿನ ಬಾಗಿಲಲ್ಲಿ ಕೈ ತೊಳೆಯುವ ಬೋಗುಣಿಯನ್ನು ಇರಿಸಿದರು.

ನಮ್ಮ ಮನೆಗಳ ವಿಷಯಕ್ಕೆ ಬರೋಣ. ನಳಿಕೆಯ ಮೂಲಕ ಉಣ್ಣುವ ಮಗುವಿಗೆ ಸೋಂಕಿನ ಅಪಾಯ ಏಕೆ ಹೆಚ್ಚು ಎಂಬುದನ್ನು ನಾವು ತಿಳಿದಿರಬೇಕು. ಅಡಿಗೆ ಮಾಡಿ, ಸೋಸಿ, ಸಿರಿಂಜಿಗೆ ತುಂಬಿ, ನಳಿಕೆಗೆ ಜೋಡಿಸುವ ಪ್ರತಿಯೊಂದು ಹಂತದಲ್ಲೂ ಯಾರದೋ ಕೈ ಸೇರುತ್ತದೆ. ಹಾಲು, ಗಂಜಿ, ರಾಗಿ ಸರಿ ಇವೆಲ್ಲವೂ ಮಗುವಿಗೆ ಎಷ್ಟು ಪುಷ್ಟಿಕರವೋ ರೋಗಾಣುಗಳಿಗೂ ಅಷ್ಟೇ ಪುಷ್ಟಿಕರ. ನಳಿಕೆಯ ಒಳಗೋಡೆಗೆ ಆಹಾರದ ಶೇಷ ಅಂಟಿಕೊಂಡರೆ ಅಲ್ಲಿ ರೋಗಾಣುಗಳು ಲೋಳೆಯಂತಹ ಪದರ ಕಟ್ಟಿಕೊಂಡು ವಾಸಿಸುತ್ತವೆ; ಬರಿಯ ನೀರಿಗೆ ಅವು ಸುಲಭವಾಗಿ ಜಗ್ಗುವುದಿಲ್ಲ. ನಮ್ಮ ಜಠರದ ಆಮ್ಲವು ಅನೇಕ ರೋಗಾಣುಗಳನ್ನು ಕೊಲ್ಲುತ್ತದೆ. ಆದರೆ ಆಮ್ಲ ತಗ್ಗಿಸುವ ಔಷಧಿ ಸೇವಿಸುವ ಮಕ್ಕಳಲ್ಲಿ ಆ ರಕ್ಷಣೆ ಕಡಿಮೆ. ನಳಿಕೆಯು ಜಠರವನ್ನು ದಾಟಿ ಸಣ್ಣ ಕರುಳಿನವರೆಗೆ ಇಳಿದಿದ್ದರೆ ಆ ರಕ್ಷಣೆ ಬಹುಮಟ್ಟಿಗೆ ತಪ್ಪಿಹೋಗುತ್ತದೆ.

ಆದ್ದರಿಂದ ಮಾಡಬೇಕಾದ ಕೆಲಸಗಳು ಕೆಲವಿವೆ. ಅವು ದೊಡ್ಡ ವಿದ್ಯೆಯೇನಲ್ಲ. ಆದರೆ ಒಂದು ದಿನವೂ ತಪ್ಪುವಂತಿಲ್ಲ. ಆಹಾರ ತಯಾರಿಸುವ ಮೊದಲು ಒಮ್ಮೆ, ನಳಿಕೆ ಮುಟ್ಟುವ ಮೊದಲು ಮತ್ತೊಮ್ಮೆ ಸಾಬೂನು ಹಚ್ಚಿ, ಬೆರಳ ಸಂದಿ, ಉಗುರುಗಳೂ ಸೇರಿದಂತೆ ಇಪ್ಪತ್ತು ಸೆಕೆಂಡು ಉಜ್ಜಿ, ಸುರಿಯುವ ನೀರಿನಲ್ಲಿ ತೊಳೆಯಬೇಕು. ತೊಳೆದ ಕೈಯನ್ನು ಸೆರಗಿಗೆ ಒರೆಸಿಕೊಂಡರೆ ತೊಳೆದ ಫಲ ಹೋಯಿತು. ಒಗೆದ ಬಟ್ಟೆಯನ್ನು ಅದಕ್ಕೆಂದೇ ಇಟ್ಟುಕೊಳ್ಳಬೇಕು. ಡಬ್ಬಿಯ ಹಾಲಿನ ಪುಡಿ ಸಂಪೂರ್ಣ ರೋಗಾಣುರಹಿತವೆಂದು ನಾವು ತಿಳಿದಿರುತ್ತೇವೆ; ಅದು ಹಾಗಿರುವುದಿಲ್ಲ. ಅದಕ್ಕಾಗಿಯೇ 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಶಿಶುಗಳ ಹಾಲಿನ ಪುಡಿಯನ್ನು ಕುದಿಸಿದ, 70 ಡಿಗ್ರಿ ಸೆಲ್ಸಿಯಸ್‌ಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಆಮೇಲೆ ಆರಿಸಿ ಕೊಡಬೇಕೆಂದು ಸೂಚಿಸಿತು. ಕೆಲವು ವಿಶೇಷ ಪುಡಿಗಳಿಗೆ ಕ್ರಮ ಬೇರೆ ಇರಬಹುದು. ಅದನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು. ಮನೆಯಲ್ಲಿ ತಯಾರಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಇಡಬಾರದು. ಫ್ರಿಜ್ ಇದ್ದರೆ ಕೂಡಲೇ ಒಳಗಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಮುಗಿಸಬೇಕು. ಫ್ರಿಜ್ ಇಲ್ಲದ ಮನೆಯಲ್ಲಿ ಆಯಾ ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಮಾಡಿಕೊಳ್ಳುವುದೇ ದಾರಿ.

ಊಟಕ್ಕೆ ಮುಂಚೆ ನಳಿಕೆ ಅದರ ಸ್ಥಾನದಲ್ಲಿಯೇ ಇದೆಯೇ ಎಂದು ಆಸ್ಪತ್ರೆಯವರು ಕಲಿಸಿದ ಕ್ರಮದಲ್ಲಿ ಪ್ರತಿ ಬಾರಿಯೂ ನೋಡಬೇಕು. ಮೂಗಿನ ನಳಿಕೆಯ ವಿಷಯದಲ್ಲಿ ಇದು ಪ್ರಾಣದ ಪ್ರಶ್ನೆ. ಸಂದೇಹವಿದ್ದರೆ ಏನನ್ನೂ ಹಾಕಕೂಡದು. ಮಗುವಿನ ತಲೆ, ಎದೆಯ ಭಾಗ ಎತ್ತರದಲ್ಲಿರಬೇಕು. ಊಟದ ನಂತರವೂ ಅರ್ಧ ಗಂಟೆ ಹಾಗೆಯೇ ಇರಬೇಕು. ಊಟದ ಮೊದಲೂ ನಂತರವೂ ವೈದ್ಯರು ಹೇಳಿದಷ್ಟು ಶುದ್ಧ ನೀರನ್ನು ನಳಿಕೆಯಲ್ಲಿ ಹಾಯಿಸಬೇಕು. ಮತ್ತೆ ಬಳಸಬಹುದಾದ ಸಿರಿಂಜಾದರೆ ಅದನ್ನು ಬಿಡಿಸಿ, ಸಾಬೂನಿನ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಇಡಬೇಕು. ಬಾಯಿಂದ ಉಣ್ಣದ ಮಗುವಿನ ಬಾಯಿಯನ್ನೂ ದಿನವೂ ಶುಚಿ ಮಾಡಬೇಕು. ಅಲ್ಲಿ ಬೆಳೆಯುವ ರೋಗಾಣುಗಳು ಎಂಜಲಿನೊಂದಿಗೆ ಶ್ವಾಸಕೋಶಕ್ಕೆ ಇಳಿಯಬಲ್ಲವು. ಹೊಟ್ಟೆಯ ರಂಧ್ರದ ಸುತ್ತಲ ಚರ್ಮವನ್ನು ತೊಳೆದು ಒಣಗಿಸಬೇಕು. ಅಲ್ಲಿ ಕೆಂಪು ಹರಡಿದರೆ, ಊದಿಕೊಂಡರೆ, ಕೀವು ಅಥವಾ ದುರ್ವಾಸನೆ ಬಂದರೆ, ಮಗುವಿಗೆ ಜ್ವರ, ವಾಂತಿ, ಭೇದಿ, ಹೊಟ್ಟೆಯುಬ್ಬರ ಕಾಣಿಸಿಕೊಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರಲ್ಲಿಗೆ ಹೋಗಬೇಕು. ಹೊಟ್ಟೆಯ ನಳಿಕೆ ಕಳಚಿಬಿದ್ದರೆ ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಬಹುದು. ಆದ್ದರಿಂದ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಇಷ್ಟನ್ನು ಓದುವಾಗಲೇ ನಿಮಗೆ ಆಯಾಸವಾಗಿರಬಹುದು. ಆ ತಾಯಿಯ ದಿನವನ್ನು ಲೆಕ್ಕಹಾಕಿ ನೋಡಿ. ದಿನಕ್ಕೆ ಆರು ಊಟ, ಒಂದೊಂದು ಊಟಕ್ಕೆ ಎರಡು ಬಾರಿ ಕೈ ತೊಳೆಯುವುದೆಂದರೂ ವರ್ಷಕ್ಕೆ 4,380 ಬಾರಿ. ಅದರಲ್ಲಿ ಒಂದು ಬಾರಿ ತಪ್ಪಿದರೆ ಅವಳು ತನ್ನನ್ನು ತಾನು ಕೊಲೆಗಾತಿಯೆಂದು ಭಾವಿಸಿಕೊಳ್ಳುತ್ತಾಳೆ. ಉಳಿದ 4,379 ಬಾರಿಯ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಈಗ ಶುಭಸಂದೇಶದ ಒಂದು ಪ್ರಸಂಗವನ್ನು ನೆನಪಿಸಿಕೊಳ್ಳೋಣ. ಸಂತ ಮಾರ್ಕನ ಶುಭಸಂದೇಶದ ಏಳನೆಯ ಅಧ್ಯಾಯದಲ್ಲಿ ಫರಿಸಾಯರು ಯೇಸುಸ್ವಾಮಿಯ ಶಿಷ್ಯರ ಮೇಲೆ ದೂರು ತರುತ್ತಾರೆ. ಶಿಷ್ಯರು ಕೈ ತೊಳೆಯದೆ ಊಟ ಮಾಡುತ್ತಿದ್ದರಂತೆ. ಪ್ರಭುವು ಶಿಷ್ಯರ ಪರವಾಗಿ ನಿಲ್ಲುತ್ತಾರೆ. ಮನುಷ್ಯನನ್ನು ಕೆಡಿಸುವುದು ಹೊರಗಿನಿಂದ ಒಳಗೆ ಹೋಗುವುದಲ್ಲ, ಅವನ ಹೃದಯದಿಂದ ಹೊರಡುವುದೇ ಎಂಬ ಅರ್ಥದಲ್ಲಿ ಬೋಧಿಸುತ್ತಾರೆ. ಇದನ್ನು ಹಿಡಿದು, ಮನಸ್ಸು ಶುದ್ಧವಾಗಿದ್ದರೆ ಸಾಕು, ಕೈಯ ವಿಷಯ ಅಷ್ಟು ಮುಖ್ಯವಲ್ಲ ಎಂದು ವಾದಿಸುವವರನ್ನು ನಾನು ಕಂಡಿದ್ದೇನೆ. ಅಂಥವರು ಅದೇ ಪ್ರಸಂಗದ ನಡುಭಾಗವನ್ನು ಓದಬೇಕು. ತಮ್ಮ ಆಸ್ತಿಯನ್ನು ದೇವರಿಗೆ ಮುಡಿಪು ಎಂದು ಹೇಳಿ ಮುದಿ ತಂದೆತಾಯಿಯನ್ನು ಕೈಬಿಡುತ್ತಿದ್ದವರನ್ನು ಪ್ರಭುವು ಅಲ್ಲಿ ಖಂಡಿಸುತ್ತಾರೆ. ಮತ್ತೊಬ್ಬರ ಅಗತ್ಯದಿಂದ ನುಣುಚಿಕೊಳ್ಳಲು ಧರ್ಮದ ಆಚಾರವನ್ನು ನೆಪ ಮಾಡಿಕೊಂಡದ್ದೇ ಅವರನ್ನು ನೋಯಿಸಿದ್ದು.

ನಮ್ಮ ನಾಡಿನ ಮಡಿ-ಮೈಲಿಗೆಯ ಪರಿಚಯ ನಿಮಗೆ ಇದ್ದೇ ಇದೆ. ಮಡಿಯವನು ತನ್ನ ಶುದ್ಧಿ ಕೆಡದಿರಲೆಂದು ನೀರು ಹಾಕಿಕೊಳ್ಳುತ್ತಾನೆ. ಇನ್ನೊಬ್ಬರನ್ನು ಮುಟ್ಟದಿರುವುದೇ ಅದರ ಗುರಿ. ರೋಗಿಯ ಬಳಿಯ ಶುಚಿತ್ವ ಇದಕ್ಕೆ ತಿರುವುಮುರುವು. ಅಲ್ಲಿ ನಾವು ಕೈ ತೊಳೆಯುವುದೇ ಮುಟ್ಟುವುದಕ್ಕಾಗಿ, ಹತ್ತಿರ ಹೋಗುವುದಕ್ಕಾಗಿ. ಪಿಲಾತನೂ ಜನರ ಮುಂದೆ ನೀರು ತರಿಸಿ ಕೈ ತೊಳೆದುಕೊಂಡ. ತನಗೆ ಸಂಬಂಧವಿಲ್ಲ ಎಂದು ತೋರಿಸಲು ತೊಳೆದ ಕೈ ಅದು. ಆ ತಾಯಿ ದಿನಕ್ಕೆ ಹನ್ನೆರಡು ಬಾರಿ ತೊಳೆಯುವುದು ಈ ಮಗುವಿನ ಹೊಣೆ ನನ್ನದು ಎಂದು. ಹೊರನೋಟಕ್ಕೆ ಎರಡೂ ಒಂದೇ ನೀರು, ಒಂದೇ ಕೆಲಸ. ಯಾರಿಗಾಗಿ ತೊಳೆದದ್ದು ಎಂದು ಕೇಳಿದಾಗ ಮಾತ್ರ ಅವುಗಳ ನಡುವಿನ ಅಂತರ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಶುಚಿತ್ವವು ಭಯವಾಗಿ ಬೆಳೆದರೆ ಅದೂ ಮಡಿಯಾಗಿಬಿಡುತ್ತದೆ. ಮಗುವಿಗೆ ಸೋಂಕು ತಗುಲೀತೆಂದು ಅಕ್ಕನನ್ನು ಹತ್ತಿರ ಬಿಡದ, ನೆರೆಹೊರೆಯವರಿಗೆ ಬಾಗಿಲು ತೆರೆಯದ, ಬಲಿಪೂಜೆಗೂ ಹಬ್ಬಕ್ಕೂ ಹೋಗದೆ ವರ್ಷಗಟ್ಟಲೆ ಒಳಗೇ ಉಳಿದ ಮನೆಗಳೂ ಇವೆ. ನಳಿಕೆಯಿಂದ ಉಣ್ಣುವ ಮಗುವಿಗೆ ಅನ್ನದಷ್ಟೇ ಅಪ್ಪುಗೆಯೂ ಬೇಕು. ಬಾಯಿಗೆ ರುಚಿ ಕಾಣದ ಮಗುವಿಗೆ ಕೆನ್ನೆಯ ಮೇಲಿನ ಒಂದು ಬೆರಳು ಎಷ್ಟು ದೊಡ್ಡದೆಂಬುದನ್ನು ಅದರ ಮುಖವೇ ಹೇಳುತ್ತದೆ. ಹಾಗಾಗಿ ಜನರನ್ನು ದೂರ ಇಡುವುದು ಪರಿಹಾರವಾಗದು. ಜ್ವರ, ನೆಗಡಿ, ಭೇದಿ ಇದ್ದವರು ಗುಣವಾಗುವ ತನಕ ಕಾಯಲಿ. ಉಳಿದವರು ಕೈ ತೊಳೆದು ಒಳಗೆ ಬರಲಿ.

ಇನ್ನು ನ್ಯಾಯದ ಮಾತು. ವಾರಕ್ಕೆರಡು ದಿನ ನಲ್ಲಿಯಲ್ಲಿ ನೀರು ಬರುವ ಮನೆಗೆ ಸುರಿಯುವ ನೀರಿನಲ್ಲಿ ಕೈ ತೊಳೆ ಎಂದು ಹೇಳುವುದು ಸುಲಭ. ಹೊಸ ಸಿರಿಂಜು ಕೊಳ್ಳಲು ಕೂಲಿಯ ಹಣ ಸಾಲದ ಮನೆಯಲ್ಲಿ ಹಳೆಯದನ್ನೇ ತಿಂಗಳುಗಟ್ಟಲೆ ಬಳಸಿದರೆ ಆ ದೋಷವನ್ನು ತಾಯಿಯ ತಲೆಗೇ ಕಟ್ಟಲಾದೀತೇ? ರಾತ್ರಿಯ ಊಟಕ್ಕೂ ಬೆಳಗಿನ ಊಟಕ್ಕೂ ಒಬ್ಬಳೇ ಏಳುವ ಮನೆಯಲ್ಲಿ ನಿದ್ದೆಗಣ್ಣಿನಲ್ಲಿ ಒಂದು ಹಂತ ತಪ್ಪಿದರೆ, ಅವಳನ್ನು ಒಂಟಿಯಾಗಿ ಬಿಟ್ಟ ನಮ್ಮೆಲ್ಲರ ಪಾಲೂ ಅದರಲ್ಲಿ ಇದೆ. ಮಗುವಿನ ತಂದೆ, ಅಜ್ಜಿ, ಚಿಕ್ಕಮ್ಮ, ಕನಿಷ್ಠ ಇನ್ನಿಬ್ಬರು ಈ ಕೆಲಸವನ್ನು ಆಸ್ಪತ್ರೆಯಲ್ಲಿಯೇ ಸರಿಯಾಗಿ ಕಲಿಯಬೇಕು. ಗಂಡಸಿನ ಕೈಗೂ ಇದು ಒಗ್ಗುವ ಕೆಲಸವೇ. ನೆರೆಯವರು ಎರಡು ಕೊಡ ನೀರು ತಂದಿಡಬಹುದು. ಧರ್ಮಕೇಂದ್ರದ ಸಂಘಗಳು ತಿಂಗಳ ಸಿರಿಂಜುಗಳ ಖರ್ಚನ್ನು ಸದ್ದಿಲ್ಲದೆ ನೋಡಿಕೊಳ್ಳಬಹುದು. ಹಬ್ಬಕ್ಕೆ ನಾವು ಸುಡುವ ಪಟಾಕಿಯ ಹಣದಲ್ಲಿ ಒಂದು ಮಗುವಿನ ವರ್ಷದ ಸಿರಿಂಜುಗಳಿಗೆ ನೆರವಾಗಬಹುದು ಎಂಬುದನ್ನು ನಾನು ಪೀಠದಿಂದಲೂ ಹೇಳಿದ್ದೇನೆ.

ಅನ್ನ ಚೆಲ್ಲುವ ವಿಷಯ ಉಳಿಯಿತು. ಆ ಅಜ್ಜಿ ಬರಗಾಲ ಕಂಡವರು. ಅನ್ನವನ್ನು ದೇವರೆಂದು ಕಾಣುವ ಅವರ ಸಂಸ್ಕಾರ ದೊಡ್ಡದು. ಅವರಿಗೆ ನಾನು ಇಷ್ಟೇ ಹೇಳಿದೆ: “ಅಜ್ಜಿ, ಮಿಕ್ಕಿದ ಗಂಜಿಯನ್ನು ಮಗುವಿಗೆ ಕೊಡಬೇಡಿ, ಹಸುವಿಗೆ ಹಾಕಿ. ಮಗುವಿಗೆ ಹೊಸತನ್ನೇ ಮಾಡಿ, ಅಳತೆ ಕಡಿಮೆ ಮಾಡಿಕೊಳ್ಳಿ.” ಅವರು ಸ್ವಲ್ಪ ಯೋಚಿಸಿ, “ಅದು ಸರಿ ಸ್ವಾಮಿಗಳೇ, ಹಸುವೂ ದೇವರ ಸೃಷ್ಟಿಯೇ” ಎಂದರು.

ಈ ಮಾತು ನಡೆದದ್ದು ಮಗು ಗುಣವಾಗಿ ಮನೆಗೆ ಮರಳಿದ ಮೇಲೆ. ಅಂದು ನಾನು ಬೇರೊಂದು ಕೆಲಸಕ್ಕಾಗಿಯೇ ಅಲ್ಲಿಗೆ ಹೋಗಿದ್ದೆ. ತಾಯಿಯನ್ನು ಕರೆದು, ಅಂದು ಸರಪಳಿ ಏರಿಸಿದ ಕೈಯಲ್ಲಿ ತೊಳೆಯದೆಯೇ ನಳಿಕೆ ಹಿಡಿದದ್ದನ್ನು ಹೇಳಿದೆ. ಕಾಯಿಲೆ ಅದರಿಂದಲೇ ಬಂತೋ ಇಲ್ಲವೋ ತಿಳಿಯದು, ಆದರೆ ನೀನೊಬ್ಬಳೇ ಹೊರುತ್ತಿರುವ ಹೊರೆಯಲ್ಲಿ ನನ್ನದೂ ಪಾಲಿದೆ, ನನ್ನನ್ನು ಕ್ಷಮಿಸಮ್ಮಾ ಎಂದೆ. ಅವಳು ಬಹಳ ಹೊತ್ತು ತಲೆ ತಗ್ಗಿಸಿದ್ದಳು. ನಂತರ ಹೇಳಿದಳು: “ನಾನು ನೋಡಿದೆ ಫಾದರ್. ಹೇಳೋಣ ಅಂದ್ಕೊಂಡೆ. ನಿಮಗೆ ಹೇಗೆ ಹೇಳೋದು ಅಂತ ಬಾಯಿ ಬರಲಿಲ್ಲ.”

ಓದುಗರೇ, ನನ್ನ ನಿಜವಾದ ದೋಷ ಕೊಳೆಯಾದ ಕೈಗಿಂತ ಹೆಚ್ಚಾಗಿ ಈ ಮಾತಿನಲ್ಲಿದೆ ಎಂದು ಆಗ ನನಗೆ ಅರಿವಾಯಿತು. ನನ್ನ ಬಿಳಿಯ ನಿಲುವಂಗಿಗೆ ಅವಳು ಕೊಟ್ಟ ಗೌರವ ಅವಳ ನಾಲಗೆಯನ್ನು ಕಟ್ಟಿತು. ವಿಯೆನ್ನಾದ ವೈದ್ಯರ ಕೈಗಳಿಗಿದ್ದ ಗೌರವದಂತೆಯೇ ನನ್ನ ಕೈಗಿದ್ದ ಗೌರವವೂ ಒಂದು ಬಡ ಜೀವವನ್ನು ಅಪಾಯಕ್ಕೆ ಒಡ್ಡಿತು. ಮನೆಗೆ ಬಂದ ಹಿರಿಯರಿಗೆ, ಮಾವನವರಿಗೆ, ಗುರುಗಳಿಗೆ, ವೈದ್ಯರಿಗೇ ಆದರೂ “ದಯವಿಟ್ಟು ಕೈ ತೊಳೆದು ಬನ್ನಿ” ಎಂದು ಹೇಳುವುದು ಅಗೌರವವೆಂದು ತಿಳಿಯುವ ತಾಯಂದಿರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹೇಳಿ. ಧೈರ್ಯವಾಗಿ ಹೇಳಿ. ಹೇಳಿಸಿಕೊಳ್ಳುವವರಾದ ನಾವು, ಹೇಳುವ ಕಷ್ಟವನ್ನು ಅವರಿಗೆ ಕೊಡದೆ, ಹೊಸ್ತಿಲಲ್ಲಿಯೇ ನೀರು ಎಲ್ಲಿದೆ ಎಂದು ಕೇಳುವವರಾಗೋಣ.

ಈಗ ಆ ಮನೆಯ ಜಗಲಿಯಲ್ಲಿ ಒಂದು ಕೊಳಾಯಿ ಇರುವ ಬಕೆಟ್ಟು, ಸಾಬೂನು, ಗಳುವಿನ ಮೇಲೆ ಒಗೆದ ಬಟ್ಟೆ ಇವೆ. ಬಾಗಿಲು ಕಾಯುವವಳು ಒಂಬತ್ತು ವರ್ಷದ ಅಕ್ಕ. ಕಳೆದ ತಿಂಗಳು ನಾನು ಪರಮಪ್ರಸಾದ ತೆಗೆದುಕೊಂಡು ಅಜ್ಜಿಗೆಂದು ಹೋದಾಗ ಅವಳು ಹೊಸ್ತಿಲಿಗೆ ಅಡ್ಡ ನಿಂತು, “ಫಾದರ್, ಫಸ್ಟು ಕೈ” ಎಂದಳು. ಒಳಗಿನಿಂದ ಅವಳ ತಾಯಿ ನಾಚಿ, “ಏಯ್, ಹಾಗನ್ನಬಾರದು ಕಣೇ” ಎಂದು ಗದರಿದಳು. ನಾನು ಅವಳನ್ನು ಗದರಬೇಡ ಎಂದು ಹೇಳಿ, ತೋಳು ಮಡಚಿ ಕೈಯೊಡ್ಡಿದೆ. ಆ ಹುಡುಗಿ ಕೊಳಾಯಿ ತಿರುಗಿಸಿ, ಇಪ್ಪತ್ತರವರೆಗೂ ಗಟ್ಟಿಯಾಗಿ ಎಣಿಸಿದಳು.